ಉಪ್ಪಿನಕಾಯಿ ಜಾಡಿಗೆ ಎಷ್ಟು ಬೇಲಿ?



ದಿನವೂ ಮೈಕಿನ ಮುಂದೆ ಕೂತು ನಿಮಗೆ ಹಾಡು, ಸುದ್ದಿ, ಹವಾಮಾನ ಹೇಳುವ ನಾನು ಈ ಸಲ ಒಂದು ತಪ್ಪೊಪ್ಪಿಗೆಯಿಂದ ಮಾತು ಶುರು ಮಾಡುತ್ತೇನೆ. ಪ್ರತಿ ವರ್ಷ ಬೇಸಿಗೆ ಕಳೆಯುವ ಹೊತ್ತಿಗೆ ಶಿವಮೊಗ್ಗ ಕಡೆಯಿಂದ ಮುಂಬೈಗೆ ಬರುವ ಬಸ್ಸಿನಲ್ಲಿ ನನಗೊಂದು ಪಾರ್ಸೆಲ್ ಬರುತ್ತದೆ. ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಜಾಡಿ, ಅದರೊಳಗೆ ಅಮ್ಮ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ. ನಿಮ್ಮಲ್ಲೂ ಎಷ್ಟೋ ಮಂದಿಗೆ ಊರಿನಿಂದ ಹೀಗೆ ಏನಾದರೂ ಬರುತ್ತಿರುತ್ತದೆ, ಅಲ್ಲವೇ?

ಕಳೆದ ವರ್ಷ ನಾನೇ ಅಮ್ಮನಿಗೆ ಫೋನ್ ಮಾಡಿ, "ಅಮ್ಮಾ, ಇವರಿಗೆ ಬಿಪಿ ಶುರುವಾಗಿದೆ, ಈ ಸಲ ಉಪ್ಪು ಅರ್ಧಕ್ಕರ್ಧ ಕಮ್ಮಿ ಹಾಕು" ಅಂದಿದ್ದೆ. ಅಮ್ಮನಿಗೆ ಮನಸ್ಸಿರಲಿಲ್ಲ. ಆದರೂ ಅಳಿಯನ ಆರೋಗ್ಯದ ಮಾತು, ಹಾಗೇ ಹಾಕಿ ಕಳಿಸಿದರು. ಎರಡು ತಿಂಗಳಾಗುವಷ್ಟರಲ್ಲಿ ಜಾಡಿಯ ಬಾಯಿಯ ತುಂಬ ಬಿಳಿ ಬೂಷ್ಟು! ಅಷ್ಟೂ ಮಿಡಿಯನ್ನು ಕಸಕ್ಕೆ ಸುರಿಯುವಾಗ ಕರುಳು ಚುರ್ ಎಂದಿತು.

ಅಮ್ಮನ ಮೇಲೆ ರೇಗಲು ಹೋಗಿ ನನಗೇ ನಾಚಿಕೆಯಾಯಿತು. ಅವರ ಉಪ್ಪಿನಕಾಯಿಗೆ ಹಿಂದೆಂದೂ ಬೂಷ್ಟು ಬಂದಿರಲಿಲ್ಲ. ಬದಲಾದದ್ದು ಉಪ್ಪು ಮಾತ್ರ, ಬದಲಾಯಿಸಿದವಳು ನಾನು. ಹಾಗಾದರೆ ಉಪ್ಪು ಅಲ್ಲಿ ಏನು ಕೆಲಸ ಮಾಡುತ್ತಿತ್ತು? ಹುಳಿ ಏನು ಮಾಡುತ್ತದೆ? ಬಿಸಿಲು? ಎಣ್ಣೆ? ನಾನು ಓದಿದ್ದು ಕನ್ನಡ ಬಿ.ಎ. ಆದರೂ ಕುತೂಹಲ ಬಿಡಲಿಲ್ಲ. ಪುಸ್ತಕ ಹುಡುಕಿ ಓದಿದೆ. ಆಹಾರದಲ್ಲಿ ಸೂಕ್ಷ್ಮಜೀವಿ ಯಾವಾಗ ಬೆಳೆಯುತ್ತದೆ, ಯಾವಾಗ ಬೆಳೆಯುವುದಿಲ್ಲ ಎಂದು ಮನುಷ್ಯ ತಿಳಿದುಕೊಂಡ ಕಥೆಯಲ್ಲಿ ಒಬ್ಬ ಕವಿಯೂ ಒಂದು ವಾದ್ಯವೃಂದವೂ ಸಿಕ್ಕಾಗ, ಇದನ್ನು ನಿಮಗೆ ಹೇಳಲೇಬೇಕು ಅನ್ನಿಸಿತು.

ಕವಿ ಮತ್ತು ಸಾಸೇಜ್

ಕಥೆ ಶುರುವಾಗುವುದು ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದಲ್ಲಿ. ಅಲ್ಲಿಯ ಜನ ಹಂದಿಯ ಮಾಂಸ, ರಕ್ತ, ಪಿತ್ತಜನಕಾಂಗವನ್ನೆಲ್ಲ ಕರುಳಿನ ಚೀಲದಲ್ಲಿ ತುಂಬಿ ಸಾಸೇಜ್ ಮಾಡಿ ಇಟ್ಟುಕೊಳ್ಳುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯಿಂದ ಅಲ್ಲೊಂದು ವಿಚಿತ್ರ ಕಾಯಿಲೆ ಕಾಣಿಸತೊಡಗಿತು. ಸಾಸೇಜ್ ತಿಂದವರ ರೆಪ್ಪೆ ಜೋತು ಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು, ಗಂಟಲು ಕಟ್ಟುವುದು, ಕೊನೆಗೆ ಉಸಿರೇ ನಿಲ್ಲುವುದು.

ವೈನ್ಸ್‌ಬರ್ಗ್ ಎಂಬ ಊರಿನ ಸರ್ಕಾರಿ ವೈದ್ಯ ಯುಸ್ಟಿನುಸ್ ಕೆರ್ನರ್ ಇದರ ಬೆನ್ನು ಹತ್ತಿದ. ಈತ ಆ ಕಾಲದ ಹೆಸರಾಂತ ಕವಿಯೂ ಹೌದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುವವರಿಗೆ ಗೊತ್ತಿರಬಹುದು, 1840ರಲ್ಲಿ ರಾಬರ್ಟ್ ಶೂಮನ್ ಈತನ 12 ಕವಿತೆಗಳಿಗೆ ರಾಗ ಹಾಕಿದ್ದಾನೆ. 1820ರಲ್ಲಿ 76 ರೋಗಿಗಳ, 1822ರಲ್ಲಿ 155 ರೋಗಿಗಳ ವಿವರ ಸೇರಿಸಿ ಕೆರ್ನರ್ ಪುಸ್ತಕ ಬರೆದ. ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದ್ದಷ್ಟೇ ಅಲ್ಲ, ಹಾಳಾದ ಸಾಸೇಜಿನಿಂದ ತೆಗೆದ ಸಾರವನ್ನು ತಾನೇ ಸ್ವಲ್ಪ ನೆಕ್ಕಿಯೂ ನೋಡಿದ! ಜನ ಅವನಿಗೆ 'ಸಾಸೇಜ್ ಕೆರ್ನರ್' ಎಂದೇ ಅಡ್ಡಹೆಸರಿಟ್ಟರು.

ವಿಷ ಯಾವುದೆಂದು ಅವನಿಗೆ ತಿಳಿಯಲಿಲ್ಲ. ಸೂಕ್ಷ್ಮಜೀವಿಗಳ ಕಾಲ ಆಗಿನ್ನೂ ಬಂದಿರಲಿಲ್ಲ. ಅದು ಯಾವುದೋ ಕೊಬ್ಬಿನ ಆಮ್ಲವಿರಬೇಕೆಂದು ಬರೆದ, ಅದು ತಪ್ಪು. ಆದರೆ ಒಂದು ವಿಷಯದಲ್ಲಿ ಅವನ ಕಣ್ಣು ಬಹಳ ಚುರುಕಾಗಿತ್ತು. ಈ ವಿಷ ಹುಟ್ಟುವುದು ಗಾಳಿ ತಾಗದ ಕಡೆ ಎಂದು ಅವನು ಕಂಡುಕೊಂಡ.

ಇದರ ಮಹತ್ವ ಗೊತ್ತಾಗಬೇಕಾದರೆ ಅದೇ ಕಾಲದ ಫ್ರಾನ್ಸಿಗೆ ಹೋಗಬೇಕು. ಅಲ್ಲಿ ನಿಕೊಲಾ ಅಪೇರ್ ಎಂಬ ಮಿಠಾಯಿ ತಯಾರಕ ತರಕಾರಿ, ಮಾಂಸ, ಹಾಲನ್ನು ಗಾಜಿನ ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟು ತಿಂಗಳುಗಟ್ಟಲೆ ಕೆಡದಂತೆ ಇಡುವ ಉಪಾಯ ಕಂಡುಹಿಡಿದಿದ್ದ. 1810ರಲ್ಲಿ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನವನ್ನೂ ಕೊಟ್ಟಿತು. ಆದರೆ ಯಾಕೆ ಕೆಡುವುದಿಲ್ಲ? ಆಗಿನ ದೊಡ್ಡ ರಸಾಯನಶಾಸ್ತ್ರಜ್ಞ ಗೇ-ಲುಸಾಕ್ ಪರೀಕ್ಷೆ ಮಾಡಿ, ಬಾಟಲಿಯಲ್ಲಿ ಆಮ್ಲಜನಕ ಉಳಿದಿಲ್ಲ, ಅದಕ್ಕೇ ಕೆಡುವುದಿಲ್ಲ ಎಂದುಬಿಟ್ಟ. ಅಂದರೆ ದೊಡ್ಡ ವಿಜ್ಞಾನಿ ಗಾಳಿ ಇಲ್ಲದಿದ್ದರೆ ಕ್ಷೇಮ ಎನ್ನುತ್ತಿದ್ದಾಗ, ಹಳ್ಳಿಗಾಡಿನ ಕವಿ-ವೈದ್ಯ ಗಾಳಿ ಇಲ್ಲದ ಕಡೆಯೇ ವಿಷ ಎನ್ನುತ್ತಿದ್ದ. ಇಬ್ಬರ ಮಾತಲ್ಲೂ ಅರ್ಧ ಸತ್ಯವಿತ್ತು. ಗಾಳಿ ಬೇಕಾದ ಜೀವಿಗಳೂ ಇವೆ, ಗಾಳಿ ಬೇಡದ ಜೀವಿಗಳೂ ಇವೆ ಎಂದು 1861ರಲ್ಲಿ ಲೂಯಿ ಪಾಶ್ಚರ್ ತೋರಿಸುವವರೆಗೆ ಈ ಗಂಟು ಬಿಡಿಸಿಕೊಳ್ಳಲಿಲ್ಲ.

ಸಾವಿನ ಮನೆಯ ಊಟ

ಮುಂದಿನ ಅಧ್ಯಾಯ ಬೆಲ್ಜಿಯಂ ದೇಶದ ಎಲ್ಲೆಜೆಲ್ ಎಂಬ ಹಳ್ಳಿಯದು. 1895ರ ಡಿಸೆಂಬರ್. ಊರಿನಲ್ಲೊಬ್ಬರು ತೀರಿಕೊಂಡಿದ್ದರು. ಶವಸಂಸ್ಕಾರಕ್ಕೆ ವಾದ್ಯ ನುಡಿಸಿದ ಬ್ಯಾಂಡಿನವರೆಲ್ಲ ಕೂಡಿ ಊಟಕ್ಕೆ ಕುಳಿತರು. ಬಡಿಸಿದ್ದು ಉಪ್ಪು ಹಾಕಿಟ್ಟ ಹಂದಿತೊಡೆಯ ಮಾಂಸ, ಬೇಯಿಸದೆ. ಒಂದೆರಡು ದಿನದಲ್ಲಿ ಅದೇ ಹಳೆಯ ಲಕ್ಷಣಗಳು ಶುರುವಾದವು. ವಾದ್ಯಗಾರರಲ್ಲಿ ಮೂವರು ತೀರಿಕೊಂಡರು.

ಗೆಂಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಮಿಲ್ ವಾನ್ ಎರ್ಮೆಂಗೆಮ್ ಉಳಿದ ಮಾಂಸವನ್ನೂ ಸತ್ತವರ ದೇಹವನ್ನೂ ಪರೀಕ್ಷಿಸಿ ಅಪರಾಧಿಯನ್ನು ಹಿಡಿದೇಬಿಟ್ಟ. ಅದೊಂದು ಬ್ಯಾಕ್ಟೀರಿಯಾ. ಲ್ಯಾಟಿನ್ನಿನಲ್ಲಿ ಸಾಸೇಜಿಗೆ 'ಬಾಟುಲಸ್' ಎನ್ನುತ್ತಾರೆ. ಅದರಿಂದ ಈ ಜೀವಿಗೆ ಬಾಟ್ಯುಲಿನಸ್ ಎಂದೂ ಕಾಯಿಲೆಗೆ ಬಾಟ್ಯುಲಿಸಂ ಎಂದೂ ಹೆಸರಾಯಿತು. 1897ರಲ್ಲಿ ಪ್ರಕಟವಾದ ಅವನ ವರದಿಯ ಮುಖ್ಯ ಮಾತುಗಳು ಹೀಗಿವೆ. ಜೀವಿ ನಮ್ಮ ಹೊಟ್ಟೆಗೆ ಹೋಗಿ ರೋಗ ತರುತ್ತಿಲ್ಲ, ಆಹಾರದಲ್ಲೇ ಬೆಳೆದು ಅಲ್ಲೇ ವಿಷ ಮಾಡಿಡುತ್ತದೆ. ಅದಕ್ಕೆ ಗಾಳಿ ಬೇಡ. ಉಪ್ಪು ಸಾಕಷ್ಟಿದ್ದರೆ ಅದು ವಿಷ ಮಾಡಲಾರದು. ಮಾಡಿಟ್ಟ ವಿಷ ಕಾಸಿದರೆ ಹಾಳಾಗುತ್ತದೆ.

"ಉಪ್ಪು ಸಾಕಷ್ಟಿದ್ದರೆ..." ಈ ಮಾತು ಓದಿದಾಗ ನನಗೆ ನನ್ನ ಜಾಡಿ ನೆನಪಾಯಿತು. ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ನನ್ನ ಜಾಡಿಯಲ್ಲಿದ್ದದ್ದು ಬರೀ ಬೂಷ್ಟು, ಬಾಟ್ಯುಲಿಸಂ ಅಲ್ಲ. ಆದರೆ ಎಲ್ಲೆಜೆಲ್‌ನ ಅಡುಗೆಮನೆಗೂ ನಮ್ಮ ಅಡುಗೆಮನೆಗೂ ನಿಯಮ ಒಂದೇ.

ಆಲಿವ್ ಕಾಯಿ ಕಲಿಸಿದ ಪಾಠ

ಇದೆಲ್ಲ ಮಾಂಸ ತಿನ್ನುವವರ ಕಥೆ, ನಮಗೇಕೆ ಎನ್ನುವವರಿಗೆ ಅಮೆರಿಕದ ಪ್ರಸಂಗವೊಂದಿದೆ. 1919ರ ಆಗಸ್ಟಿನಲ್ಲಿ ಒಹಾಯೋ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ ಔತಣವೊಂದರಲ್ಲಿ ಉಂಡವರ ಪೈಕಿ ಏಳು ಮಂದಿ ಬಾಟ್ಯುಲಿಸಂನಿಂದ ತೀರಿಕೊಂಡರು. ಕಾರಣ ಮಾಂಸವಲ್ಲ, ಕ್ಯಾಲಿಫೋರ್ನಿಯಾದಿಂದ ಬಂದ ಕಪ್ಪು ಆಲಿವ್ ಕಾಯಿ.

ಹಸಿರು ಆಲಿವನ್ನು ಉಪ್ಪುನೀರಿನಲ್ಲಿ ಹಾಕಿ ಹುಳಿ ಬರಿಸುತ್ತಾರೆ, ಥೇಟ್ ನಮ್ಮ ಉಪ್ಪಿನಕಾಯಿ ಥರ. ಕ್ಯಾಲಿಫೋರ್ನಿಯಾದ ಕಪ್ಪು ಆಲಿವ್ ಹಾಗಲ್ಲ. ಕಹಿ ಹೋಗಲೆಂದು ಅದನ್ನು ಕ್ಷಾರದ ನೀರಿನಲ್ಲಿ ನೆನೆಸಿ ತೊಳೆಯುತ್ತಾರೆ, ಆಮೇಲೆ ಹುಳಿ ಬರಿಸುವುದಿಲ್ಲ. ಉಪ್ಪೂ ಕಡಿಮೆ. ಹುಳಿ ಹೋಯಿತು, ಉಪ್ಪು ಇಳಿಯಿತು, ಮುಚ್ಚಳ ಬಿಗಿದು ಗಾಳಿಯೂ ಹೋಯಿತು. ಉಳಿದದ್ದು ಶಾಖವೊಂದೇ ಕಾವಲು. ಆ ಶಾಖವೂ ಸಾಲಲಿಲ್ಲ.

ಯಾಕೆ ಸಾಲಲಿಲ್ಲ ಎಂದರೆ, ಈ ಬ್ಯಾಕ್ಟೀರಿಯಾ ಕಷ್ಟಕಾಲದಲ್ಲಿ ಗಟ್ಟಿ ಬೀಜದಂತಾಗಿ ಕೂತುಬಿಡುತ್ತದೆ. ಅದಕ್ಕೆ ಸ್ಪೋರ್ ಎನ್ನುತ್ತಾರೆ. ವಿಷ ಕುದಿತಕ್ಕೆ ಹಾಳಾದರೂ ಸ್ಪೋರ್ ಗಂಟೆಗಟ್ಟಲೆ ಕುದಿಸಿದರೂ ಜಗ್ಗದೆ ಉಳಿಯಬಲ್ಲದು. ಡಬ್ಬಿ ಆಹಾರದ ಉದ್ಯಮವೇ ಮುಳುಗುವ ಹಾಗಾದಾಗ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಸಂಶೋಧನೆ ನಡೆಯಿತು. 1922ರಲ್ಲಿ ಎಸ್ಟಿ ಮತ್ತು ಮೇಯರ್ ಎಂಬಿಬ್ಬರು ಸ್ಪೋರ್‌ಗಳನ್ನು ಕೊಲ್ಲಲು ಎಷ್ಟು ಶಾಖ, ಎಷ್ಟು ಹೊತ್ತು ಬೇಕೆಂಬ ಲೆಕ್ಕ ಪ್ರಕಟಿಸಿದರು. ಆ ಲೆಕ್ಕದಿಂದ ಬೆಳೆದು ಬಂದ ನಿಯಮ ಇವತ್ತಿಗೂ ಇದೆ: ಡಬ್ಬಿಯ ನಟ್ಟನಡುವಿನ ಜಾಗಕ್ಕೂ 121 ಡಿಗ್ರಿ ಸೆಲ್ಸಿಯಸ್ ಶಾಖ ಸುಮಾರು 3 ನಿಮಿಷ ಸಿಗಬೇಕು. ಒಂದು ಲಕ್ಷ ಕೋಟಿ ಸ್ಪೋರ್‌ಗಳಿದ್ದರೆ ಒಂದು ಉಳಿದೀತು, ಅಷ್ಟು ಕಟ್ಟುನಿಟ್ಟು.

ನೀವು ಅಂಗಡಿಯಿಂದ ತರುವ ಬಿಸಿಬೇಳೆಬಾತ್ ಪೊಟ್ಟಣ ಫ್ರಿಜ್ಜಿಲ್ಲದೆ ತಿಂಗಳುಗಟ್ಟಲೆ ಕೆಡದಿರುವುದು ಇದೇ ಲೆಕ್ಕದಿಂದ. ಅದಕ್ಕೂ ನಮ್ಮ ಮೈಸೂರಿಗೂ ನಂಟಿದೆ. 1961ರಲ್ಲಿ ಅಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ಇಂಥ ಪೊಟ್ಟಣಗಳ ತಂತ್ರವನ್ನು ಬೆಳೆಸಿತು. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಭಾರತೀಯ ತಿನಿಸು ತಯಾರಿಸಿಕೊಟ್ಟದ್ದೂ ಅದೇ ಪ್ರಯೋಗಾಲಯ.

ಹುಳಿಗೊಂದು ಅಳತೆ, ನೀರಿಗೊಂದು ಅಳತೆ

ಹುಳಿ ಎಷ್ಟಿದ್ದರೆ ಸಾಕು? ಇದಕ್ಕೆ ನಾಲಿಗೆಯ ಅಂದಾಜು ಸಾಲದು, ಅಳತೆಗೋಲು ಬೇಕು. 1909ರಲ್ಲಿ ಡೆನ್ಮಾರ್ಕಿನ ಒಂದು ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿದ್ದ ಸೋರೆನ್ಸನ್ 'ಪಿಎಚ್' ಎಂಬ ಅಳತೆ ಕೊಟ್ಟ. 7 ಎಂದರೆ ಶುದ್ಧ ನೀರು, ಅದಕ್ಕಿಂತ ಕೆಳಗಿಳಿದಷ್ಟೂ ಹುಳಿ ಜಾಸ್ತಿ. ಪಿಎಚ್ 4.6 ಮತ್ತು ಅದಕ್ಕಿಂತ ಕೆಳಗಿದ್ದರೆ ಬಾಟ್ಯುಲಿಸಂ ಜೀವಿ ಬೆಳೆಯುವುದಿಲ್ಲ ಎಂಬುದನ್ನು ಆಹಾರ ಕಾನೂನುಗಳು ಗಡಿರೇಖೆಯಾಗಿ ಇಟ್ಟುಕೊಂಡಿವೆ. ನಿಂಬೆ, ಹುಣಸೆ, ಮಾವಿನಮಿಡಿ ಈ ಗೆರೆಯಿಂದ ಬಹಳ ಕೆಳಗಿವೆ. ಬೆಳ್ಳುಳ್ಳಿ, ಹಸಿಮೆಣಸು, ಅಣಬೆ, ಹುರುಳಿಕಾಯಿ ಮೇಲಿವೆ.

ಬೆಳ್ಳುಳ್ಳಿಯ ವಿಷಯ ಸ್ವಲ್ಪ ನಿಂತು ಕೇಳಿ. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ 36 ಮಂದಿಗೆ ಬಾಟ್ಯುಲಿಸಂ ಆಯಿತು. ಕಾರಣ, ಹೆಚ್ಚಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟ ಬಾಟಲಿ. ಹುಳಿ ಹಾಕಿರಲಿಲ್ಲ, ಫ್ರಿಜ್ಜಿನಲ್ಲಿ ಇಟ್ಟಿರಲಿಲ್ಲ. ಎಣ್ಣೆ ಮೇಲೆ ನಿಂತರೆ ಸಾಕು, ಏನೂ ಆಗುವುದಿಲ್ಲ ಎಂದು ನಾವೆಲ್ಲ ನಂಬಿದ್ದೇವಲ್ಲ? ಎಣ್ಣೆ ಗಾಳಿಯನ್ನು ತಡೆಯುತ್ತದೆ, ಹಾಗಾಗಿ ಬೂಷ್ಟನ್ನೂ ತಡೆಯುತ್ತದೆ. ಆದರೆ ಗಾಳಿ ಬೇಡದವನಿಗೆ ಅದು ಹಾಸಿಗೆ ಹಾಸಿಕೊಟ್ಟಂತೆ! ನಮ್ಮ ದೇಶದಲ್ಲೂ 1996ರ ಸೆಪ್ಟೆಂಬರಿನಲ್ಲಿ ಗುಜರಾತಿನ ಒಂದು ವಸತಿ ಶಾಲೆಯಲ್ಲಿ 34 ಮಕ್ಕಳು ಅಸ್ವಸ್ಥರಾಗಿ ಮೂವರು ತೀರಿಕೊಂಡರು. ಸೇವಿನಲ್ಲಿ ಇಂಥದೇ ವಿಷ ಮಾಡುವ ಬ್ಯಾಕ್ಟೀರಿಯಾ ಸಿಕ್ಕಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ವಿರಳ ನಿಜ, ಆದರೆ ನಮಗೆ ಬರುವುದೇ ಇಲ್ಲ ಎನ್ನುವ ಹಾಗಿಲ್ಲ.

ಇನ್ನು ನೀರು. ಹಪ್ಪಳ ಒಣಗಿರುತ್ತದೆ, ಕೆಡುವುದಿಲ್ಲ, ಸರಿ. ಆದರೆ ಜೋನಿ ಬೆಲ್ಲ, ಜೇನುತುಪ್ಪ ಹರಿಯುವಷ್ಟು ನೀರಾಗಿದ್ದರೂ ಯಾಕೆ ಸುಲಭಕ್ಕೆ ಕೆಡುವುದಿಲ್ಲ? ಇದಕ್ಕೆ ಉತ್ತರ ಕೊಟ್ಟವನು ಆಸ್ಟ್ರೇಲಿಯಾದ ವಿಜ್ಞಾನಿ ವಿಲಿಯಂ ಜೇಮ್ಸ್ ಸ್ಕಾಟ್. 1953ರಲ್ಲಿ ಅವನು ತೋರಿಸಿದ್ದು ಇಷ್ಟು: ಆಹಾರದಲ್ಲಿ ಒಟ್ಟು ಎಷ್ಟು ನೀರಿದೆ ಎನ್ನುವುದಲ್ಲ, ಸೂಕ್ಷ್ಮಜೀವಿಯ ಕೈಗೆ ಸಿಗುವಂತೆ ಎಷ್ಟು ನೀರಿದೆ ಎನ್ನುವುದು ಮುಖ್ಯ. ಉಪ್ಪು, ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಪಕ್ಕದಲ್ಲೇ ನೀರಿದ್ದರೂ ಜೀವಿಗೆ ಬಾಯಾರಿಕೆ! ಶುದ್ಧ ನೀರಿಗೆ 1 ಎಂದಿಟ್ಟುಕೊಂಡರೆ, ಬಾಟ್ಯುಲಿಸಂ ಜೀವಿ ಸುಮಾರು 0.94ರ ಕೆಳಗೆ ಬೆಳೆಯದು. ಅಂದರೆ ಉಪ್ಪೊಂದರಿಂದಲೇ ತಡೆಯಬೇಕಾದರೆ ನೂರಕ್ಕೆ ಹತ್ತರಷ್ಟು ಉಪ್ಪು ಬೇಕು. ಆಹಾರದಿಂದ ರೋಗ ತರುವ ಬ್ಯಾಕ್ಟೀರಿಯಾಗಳೆಲ್ಲ 0.86ರ ಹೊತ್ತಿಗೆ ಬಹುಮಟ್ಟಿಗೆ ಸೋಲುತ್ತವೆ. ಬೂಷ್ಟು ಮಾತ್ರ ಹಟಮಾರಿ, 0.80ರವರೆಗೂ, ಕೆಲವು ಜಾತಿಯವು ಇನ್ನೂ ಕೆಳಗೂ ಬದುಕುತ್ತವೆ. ಹುಳಿಗೂ ಅದು ಹೆದರುವುದಿಲ್ಲ.

ನನ್ನ ಜಾಡಿಯಲ್ಲಿ ಏನಾಯಿತೆಂದು ಆಗ ಅರ್ಥವಾಯಿತು. ಅಮ್ಮ ಮಿಡಿಯ ಮೇಲೆ ಕಲ್ಲುಪ್ಪು ಸುರಿದಾಗ ಮಿಡಿ ತನ್ನ ನೀರು ಬಿಟ್ಟು ಚಿರುಟಿಕೊಳ್ಳುತ್ತದೆ, ಆ ನೀರನ್ನು ಉಪ್ಪು ಹಿಡಿದಿಟ್ಟುಕೊಳ್ಳುತ್ತದೆ. ನಾನು ಉಪ್ಪನ್ನು ಅರ್ಧ ಮಾಡಿಸಿ ಬೂಷ್ಟಿಗೆ ಕುಡಿಯಲು ನೀರು ಕೊಟ್ಟೆ. ಮೇಲಿನ ಬೂಷ್ಟು ತೆಗೆದು ಕೆಳಗಿನದನ್ನು ತಿನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬೇಡ. ಬೂಷ್ಟು ಆಮ್ಲವನ್ನು ತಿಂದು ಹುಳಿಯನ್ನು ಇಳಿಸಬಲ್ಲದು. ಹುಳಿ ಇಳಿದರೆ ಇನ್ನೊಬ್ಬನಿಗೆ ಬಾಗಿಲು ತೆರೆದಂತೆ.

ಜೇನುತುಪ್ಪದ ಬಗ್ಗೆಯೂ ಒಂದು ಮಾತು. ಅದರಲ್ಲಿ ಬಾಟ್ಯುಲಿಸಂ ಜೀವಿ ಬೆಳೆಯುವುದಿಲ್ಲ. ಆದರೆ ಸ್ಪೋರ್ ಸುಮ್ಮನೆ ಕೂತಿರಬಹುದು. ದೊಡ್ಡವರ ಹೊಟ್ಟೆಯಲ್ಲಿ ಅದು ಸಾಮಾನ್ಯವಾಗಿ ಏನೂ ಮಾಡದು. ಎಳೆಗೂಸಿನ ಕರುಳಿನಲ್ಲಿ ಮಾತ್ರ ಮೊಳೆತು ವಿಷ ಮಾಡಬಲ್ಲದು. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದು ಪತ್ತೆಯಾಯಿತು. ಅಂದಿನಿಂದ ವೈದ್ಯರು ಒಂದು ವರ್ಷ ತುಂಬದ ಮಗುವಿಗೆ ಜೇನು ಬೇಡ ಎನ್ನುತ್ತಾರೆ. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಪದ್ಧತಿಯ ಮೇಲೆ ಗೌರವವಿಟ್ಟೇ ಹೇಳುತ್ತೇನೆ, ಇದೊಂದನ್ನು ಬಿಟ್ಟುಬಿಡಿ.

ಒಳ್ಳೆಯವರನ್ನು ಕಾವಲಿಗಿಟ್ಟದ್ದು

ಹೀಗೆ ಒಂದೊಂದಾಗಿ ತಿಳಿದದ್ದನ್ನೆಲ್ಲ 1955ರಲ್ಲಿ ಹಾಲೆಂಡಿನ ಮೊಸೆಲ್ ಮತ್ತು ಇಂಗ್ಲೆಂಡಿನ ಇಂಗ್ರಾಂ ಒಂದು ಪಟ್ಟಿಯಲ್ಲಿ ಜೋಡಿಸಿದರು. ಆಹಾರದ ಒಳಗಿನ ಕಾರಣಗಳು ಎಂದರೆ ನೀರು, ಹುಳಿ, ಪೌಷ್ಟಿಕಾಂಶ. ಹೊರಗಿನವು ಎಂದರೆ ಉಷ್ಣತೆ, ಗಾಳಿ, ತೇವ. ನಾವು ಮಾಡುವ ಸಂಸ್ಕರಣೆ ಇನ್ನೊಂದು. ಇವುಗಳ ಜೊತೆಗೆ, ಸೂಕ್ಷ್ಮಜೀವಿಗಳು ತಮ್ಮತಮ್ಮಲ್ಲೇ ನಡೆಸುವ ಪೈಪೋಟಿ.

ಈ ಕೊನೆಯದಕ್ಕೆ ನಮ್ಮ ಇಡ್ಲಿಗಿಂತ ಒಳ್ಳೆಯ ಉದಾಹರಣೆ ಬೇಕೇ? ವಡ್ಡಾರಾಧನೆಯಲ್ಲಿ 'ಇಡ್ಡಲಿಗೆ' ಎಂಬ ಹೆಸರು ಬರುತ್ತದೆಂದು ಬಿ.ಎ. ತರಗತಿಯಲ್ಲಿ ಓದಿದ್ದು ನೆನಪಿದೆ. ಹಿಟ್ಟನ್ನು ರಾತ್ರಿ ಬೆಚ್ಚಗಿಟ್ಟರೆ ಉದ್ದು-ಅಕ್ಕಿಯಲ್ಲಿದ್ದ ಲ್ಯೂಕೊನಾಸ್ಟಾಕ್ ಮೊದಲಾದ ಬ್ಯಾಕ್ಟೀರಿಯಾಗಳು ಮೊದಲು ಎದ್ದು, ಆಮ್ಲವನ್ನೂ ಅನಿಲವನ್ನೂ ಮಾಡುತ್ತವೆ. 1965ರಲ್ಲಿ ವಿಜ್ಞಾನಿಗಳು ಹಿಟ್ಟು ಉಬ್ಬುವುದು ಇದರಿಂದಲೇ ಎಂದು ತೋರಿಸಿದರು. ಆ ಹುಳಿಯಲ್ಲಿ ಕೆಟ್ಟ ಜೀವಿಗಳಿಗೆ ತಲೆ ಎತ್ತಲು ಕಷ್ಟ. ಅಂದರೆ ನಾವು ಒಳ್ಳೆಯವರನ್ನೇ ಬೆಳೆಸಿ ಕಾವಲಿಗೆ ನಿಲ್ಲಿಸುತ್ತೇವೆ.

ಬೆಂದ ಅನ್ನ, ಸಾರು, ಪಲ್ಯಕ್ಕೆ ಇಂಥ ಕಾವಲುಗಾರರಿಲ್ಲ. 5 ಡಿಗ್ರಿಯಿಂದ 60 ಡಿಗ್ರಿವರೆಗಿನ ಉಷ್ಣತೆ ಬ್ಯಾಕ್ಟೀರಿಯಾಗಳಿಗೆ ಅನುಕೂಲದ್ದು. 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುವ ಬ್ಯಾಕ್ಟೀರಿಯಾ ಒಂದೇ ಒಂದಿದ್ದರೂ 7 ಗಂಟೆಯಲ್ಲಿ 20 ಲಕ್ಷ ದಾಟುತ್ತದೆ. ಬೆಳಿಗ್ಗೆ ಕಟ್ಟಿದ ಡಬ್ಬಿಯನ್ನು ಲೋಕಲ್ ಟ್ರೈನಿನ ಸೆಖೆಯಲ್ಲಿ ಹೊತ್ತು ಸಂಜೆ ತೆರೆಯುವವರು ಈ ಲೆಕ್ಕ ನೆನಪಿಟ್ಟುಕೊಳ್ಳಿ.

ಬೇಲಿಯ ಮೇಲೆ ಬೇಲಿ

ಕಥೆಯ ಕೊನೆಯ ಹೆಸರು ಜರ್ಮನಿಯ ಲೋಥಾರ್ ಲೈಸ್ಟ್ನರ್. ಸಾಸೇಜಿನ ವಿಷದಿಂದ ಶುರುವಾದ ಕಥೆ ಮತ್ತೆ ಜರ್ಮನ್ ಸಾಸೇಜಿಗೇ ಬಂದು ಸೇರುತ್ತದೆ ನೋಡಿ! ಕುಲ್ಮ್‌ಬಾಖ್‌ನ ಮಾಂಸ ಸಂಶೋಧನಾ ಕೇಂದ್ರದಲ್ಲಿದ್ದ ಈತ 1970ರ ದಶಕದಲ್ಲಿ ಒಂದು ಸರಳ ಮಾತು ಹೇಳಿದ. ಹಳೆಯ ಕಾಲದ ತಿನಿಸುಗಳು ಒಂದೇ ಕಾವಲಿನಿಂದ ಉಳಿದಿಲ್ಲ. ಸ್ವಲ್ಪ ಉಪ್ಪು, ಸ್ವಲ್ಪ ಹುಳಿ, ಸ್ವಲ್ಪ ಒಣಗಿಸಿದ್ದು, ಸ್ವಲ್ಪ ಹೊಗೆ. ಹರ್ಡಲ್ಸ್ ಓಟದಲ್ಲಿ ಒಂದಾದ ಮೇಲೊಂದು ಅಡ್ಡಪಟ್ಟಿ ಇರುವ ಹಾಗೆ. ಸೂಕ್ಷ್ಮಜೀವಿ ಒಂದನ್ನು ಹಾರಿದರೂ ಎರಡನೆಯದರಲ್ಲಿ ಮುಗ್ಗರಿಸುತ್ತದೆ, ಮೂರನೆಯದರಲ್ಲಿ ಬೀಳುತ್ತದೆ.

ಈಗ ಅಮ್ಮನ ಜಾಡಿಯನ್ನು ನೋಡಿ. ಮಿಡಿಯ ಹುಳಿ ಒಂದು ಬೇಲಿ. ಕಲ್ಲುಪ್ಪು ಇನ್ನೊಂದು. ಉಪ್ಪುನೀರನ್ನು ಕುದಿಸಿ ಆರಿಸುವುದು ಮತ್ತೊಂದು. ಸಾಸಿವೆ, ಒಣ ಸೌಟು, ಬಿಗಿದು ಕಟ್ಟಿದ ಬಟ್ಟೆ... ಎಣಿಸುತ್ತಾ ಹೋದರೆ ಒಂದೊಂದೂ ಬೇಲಿಯೇ. ಇವುಗಳನ್ನು ಯಾವಾಗ ಯಾರು ಕಟ್ಟಿದರೋ, ಎಷ್ಟು ಜಾಡಿ ಕೆಟ್ಟ ಮೇಲೆ ಕಲಿತರೋ. ಕೆರ್ನರ್, ಎರ್ಮೆಂಗೆಮ್ ಮುಂತಾದವರಿಂದ ನಮಗೆ ಸಿಕ್ಕಿದ್ದು 'ಯಾಕೆ' ಎಂಬುದರ ಉತ್ತರ. ಆ ಉತ್ತರ ಗೊತ್ತಿದ್ದರೆ ಹಳೆಯದನ್ನು ಬದಲಾಯಿಸಲೂಬಹುದು. ಒಂದು ಬೇಲಿ ತೆಗೆದ ಜಾಗದಲ್ಲಿ ಇನ್ನೊಂದು ನೆಡಬೇಕು, ಅಷ್ಟೆ. ಉಪ್ಪು ಕಡಿಮೆ ಮಾಡಿದರೆ ಜಾಡಿ ಫ್ರಿಜ್ಜಿಗೆ ಹೋಗಬೇಕು, ಚಿಕ್ಕ ಪ್ರಮಾಣದಲ್ಲಿ ಮಾಡಿ ಬೇಗ ಮುಗಿಸಬೇಕು. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹಾಕಿಟ್ಟರೆ ಅದೂ ಫ್ರಿಜ್ಜಿಗೇ, ಕೆಲವೇ ದಿನಕ್ಕೆ. ಗೊತ್ತಿಲ್ಲದೆ ಬೇಲಿ ಕಿತ್ತರೆ ನನ್ನ ಹಾಗೆ ಮಿಡಿಯನ್ನು ಕಸಕ್ಕೆ ಸುರಿಯಬೇಕಾಗುತ್ತದೆ. ಕ್ಯಾಂಟನ್ನಿನವರು ಅದಕ್ಕಿಂತ ದೊಡ್ಡ ಬೆಲೆ ತೆತ್ತರು.

ಇದನ್ನೆಲ್ಲ ಓದಿ ಮುಗಿಸಿದ ಉತ್ಸಾಹದಲ್ಲಿ ಅಮ್ಮನಿಗೆ ಫೋನ್ ಮಾಡಿ ಅರ್ಧ ಗಂಟೆ ಪಿಎಚ್, ಸ್ಪೋರ್, 0.86 ಎಂದು ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಮ್ಮ ಹೇಳಿದರು: "ಅದನ್ನೇ ಕಣೇ ನಾನು ಅವತ್ತೇ ಹೇಳಬೇಕು ಅಂದುಕೊಂಡಿದ್ದು. ಉಪ್ಪಿನಕಾಯಿ ಕಮ್ಮಿ ತಿನ್ನಲಿ, ಉಪ್ಪು ಕಮ್ಮಿ ಹಾಕೋದು ಬೇಡ."

ಈ ವರ್ಷದ ಜಾಡಿ ಬಂದಿದೆ. ಉಪ್ಪು ಪೂರ್ತಿ. ಯಜಮಾನರಿಗೆ ವಾರಕ್ಕೆ ಎರಡು ದಿನ, ದಿನಕ್ಕೆ ಅರ್ಧ ಮಿಡಿ. ಅಡುಗೆಮನೆಯ ಮೂಲೆಯಲ್ಲಿ, ಫ್ರಿಜ್ಜಿನ ಹೊರಗೇ, ಜಾಡಿ ತಣ್ಣಗೆ ಕೂತಿದೆ.

ನಿಮ್ಮ ಮನೆಯ ಹಿರಿಯರು ಇಂಥ ಯಾವ ನಿಯಮ ಹೇಳಿಕೊಟ್ಟಿದ್ದರು? ಯಾಕೆ ಎಂದು ಕೇಳದೇ ಪಾಲಿಸಿದ್ದೋ, ಕೇಳಿ ಬೈಸಿಕೊಂಡದ್ದೋ, ನಮಗೆ ಬರೆದು ತಿಳಿಸಿ. ಒಳ್ಳೆಯ ಪತ್ರಗಳನ್ನು ಕಾರ್ಯಕ್ರಮದಲ್ಲಿ ಓದುತ್ತೇನೆ.